ಕಪ್ಪು ರೇಷ್ಮೆಯ ಗಂಟು

ರಾಮನಗರದಲ್ಲಿ ರೇಷ್ಮೆ ಬಿಚ್ಚುವವರು ಸಾವಿರಾರು ಮಂದಿ. ಅವರಲ್ಲಿ ಬಾಬಾಜಾನ್ ಒಬ್ಬ, ಅಷ್ಟೆ. ಹೆಸರು ಮಾಡಿದವನಲ್ಲ, ತನ್ನ ಹೆಸರು ಕೆಡಿಸಿಕೊಂಡವನೂ ಅಲ್ಲ. ಅವನು ಕೆಡಿಸಿದ್ದು ತಮ್ಮನ ಹೆಸರನ್ನು. ಆ ಮಾತು ಆಮೇಲೆ ಬರುತ್ತದೆ.

ಹನ್ನೆರಡನೆಯ ವಯಸ್ಸಿಗೇ ಬೇಸಿನ್ನಿನ ಮುಂದೆ ಕೂತವನು ಅವನು. ಕುದಿಯುವ ನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಅದರೊಳಗೆ ಬೆರಳಿಟ್ಟು ಒಂದೊಂದರ ಎಳೆಯ ತುದಿ ಹುಡುಕಿ, ಎಂಟು ಎಳೆ ಕೂಡಿಸಿ ರಾಟೆಗೆ ಹತ್ತಿಸಬೇಕು. ಹೀಗೆ ಇಪ್ಪತ್ತೈದು ವರ್ಷ ಬೆಂದ ಮೇಲೆ ಅವನ ಬೆರಳುಗಳು ನೆನೆಸಿದ ಕಡಲೆಯ ಹಾಗೆ ಊದಿ ಬೆಳ್ಳಗಾಗಿದ್ದವು. ಬಿಸಿ ತಂಪು ಎಂಬುದೇ ಆ ಕೈಗೆ ತಿಳಿಯುತ್ತಿರಲಿಲ್ಲ. ಒಲೆಯಿಂದ ಇಳಿದ ಟೀ ಲೋಟವನ್ನು ಬುಡ ಹಿಡಿದೇ ಎತ್ತುತ್ತಿದ್ದ. ಹೆಂಡತಿ ಜೈನಬ್ ನೋಡಲಾರದೆ ಮುಖ ತಿರುಗಿಸುತ್ತಿದ್ದಳು.

ಎಂಬತ್ತೈದನೇ ಇಸವಿಯ ಸುಮಾರಿಗೆ ಅಪ್ಪಾಜಿ ಎಂಬವನು ಗೂಡು ತುಂಬುವ ಹಳೆಯ ಶೆಡ್ಡೊಂದರಲ್ಲಿ ಟೀವಿ, ವೀಸೀಆರ್ ಇಟ್ಟು ವಿಡಿಯೊ ಹಾಲ್ ತೆರೆದ. ಸತ್ತ ಹುಳದ ವಾಸನೆ ಇನ್ನೂ ಗೋಡೆ ಬಿಟ್ಟಿರಲಿಲ್ಲ. ಅಲ್ಲಿ ಓಡಿದ್ದು ಚೀನಾದ ಕತ್ತಿವರಸೆಯ ಚಿತ್ರಗಳು. ದೇವರೇ, ಎಂಥ ಚಿತ್ರಗಳು! ಭೂಮಿಗೆ ಸೆಳೆತ ಎಂಬುದೊಂದಿದೆ ಎಂದು ಆ ದೇಶದವರಿಗೆ ಯಾರೂ ಹೇಳಿಯೇ ಇರಲಿಲ್ಲ. ಮುದುಕನೊಬ್ಬ ಕೆರೆಗೆ ಅಂಗೈಯಲ್ಲಿ ಬಡಿದರೆ ಕೆರೆ ಎದ್ದು ನಿಲ್ಲುತ್ತಿತ್ತು. ಅವನ ಬಿಳಿ ಗಡ್ಡವೇ ಚಾಟಿಯಾಗಿ ನಾಲ್ಕು ಜನರನ್ನು ಕೆಡವುತ್ತಿತ್ತು. ಹೆಣ್ಣೊಬ್ಬಳು ಬಿದಿರಿನ ತುದಿಯಿಂದ ತುದಿಗೆ ನಡೆದು, ಸೀರೆಯಷ್ಟು ಉದ್ದದ ಅಂಗಿತೋಳಿನಿಂದ ಗೋಪುರವನ್ನೇ ಎಳೆದು ಬೀಳಿಸುತ್ತಿದ್ದಳು. ಮಾತು ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಅದರಿಂದ ಯಾರಿಗೂ ನಷ್ಟವೂ ಆಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿದ ಬೆನ್ನಿನವರು ಅಲ್ಲಿ ಕೂತು, ಹಾರುವವರನ್ನು ಬಾಯಿ ಬಿಟ್ಟುಕೊಂಡು ನೋಡಿದರು.

ಬಾಬಾಜಾನ್ ಒಂದನ್ನೂ ಬಿಡಲಿಲ್ಲ. ಒಂದು ಚಿತ್ರದಲ್ಲಿ ಗುರು ಶಿಷ್ಯನ ಕೈಯನ್ನು ಕುದಿಯುವ ಕೊಪ್ಪರಿಗೆಗೆ ಅದ್ದಿಸುತ್ತಾನೆ, ಕೈ ಉಕ್ಕಾಗುತ್ತದೆ, ಶಿಷ್ಯ ಹಾರಿಹೋಗುತ್ತಾನೆ. ಬಾಬಾಜಾನ್ ಹಾಲ್‌ನಲ್ಲೇ ನಕ್ಕ. "ನಾನು ಕೈ ಇಕ್ಕಿ ಇಪ್ಪತ್ತೈದು ವರ್ಷ ಆಯ್ತು ಕಣ್ಲಾ, ಇನ್ನೂ ಒಂದಡಿ ಮ್ಯಾಕ್ ಹೋಗಿಲ್ಲ" ಎಂದ. ಅಂದು ಇಡೀ ಶೆಡ್ಡು ನಕ್ಕಿತು.

ಅವರೆಲ್ಲ ಹೇಗೆ ಹಾರುತ್ತಾರೆ ಎಂಬುದರ ಮೇಲೆ ಊರಲ್ಲಿ ವಾದವಿತ್ತು. ಕೆಲವರು ಮಂತ್ರ ಎಂದರು, ಕೆಲವರು ಕ್ಯಾಮೆರಾ ಎಂದರು. ಬಾಬಾಜಾನ್ ಮಾತ್ರ ಎದೆ ಉಬ್ಬಿಸಿ, "ದಾರ ಕಟ್ಟವ್ರೆ. ರೇಷ್ಮೆ ದಾರ. ಬೇರೆ ಯಾವ್ದೂ ಅಷ್ಟು ಸಣ್ಣಕ್ಕಿದ್ದು ಮನ್ಸನ್ನ ಹೊರಕ್ಕಿಲ್ಲ. ರೇಷ್ಮೆ ಅವರ್ ದೇಸದ್ದೇ ಅಲ್ವಾ" ಎನ್ನುತ್ತಿದ್ದ. ನಿಜ ಏನೋ, ಯಾರಿಗೆ ಗೊತ್ತು. ಆದರೆ ಬೆಂದ ಕೈಯವನಿಗೆ ಆ ನಂಬಿಕೆ ಬೇಕಾಗಿತ್ತು. ಆ ಹಾರಾಟದಲ್ಲಿ ತನ್ನ ಕಸುಬಿಗೂ ಪಾಲಿದೆ ಎಂದು ಅವನು ಸುಖಪಟ್ಟ.

ತಮ್ಮ ನಜೀರನಿಗೆ ಆಗ ಇಪ್ಪತ್ನಾಲ್ಕು. ಅಪ್ಪ ಸತ್ತ ಮೇಲೆ ಬಾಬಾಜಾನನೇ ಎತ್ತಿ ಆಡಿಸಿ ಬೆಳೆಸಿದವನು. ಅಣ್ಣನಿಗೆ ಚಿತ್ರದ ಹುಚ್ಚು ಕಣ್ಣಿನಲ್ಲಿದ್ದರೆ ತಮ್ಮನಿಗೆ ಮೈಯಲ್ಲೇ ಇತ್ತು. ಅರ್ಕಾವತಿಯ ಮರಳಿನಲ್ಲಿ ಲಾಗ ಹಾಕುವುದು, ರಾಮದೇವರ ಬೆಟ್ಟದ ಬಂಡೆಯಿಂದ ಬಂಡೆಗೆ ನೆಗೆಯುವುದು. ಊರಲ್ಲಿ ಅವನಿಗಿಂತ ಧೈರ್ಯದವನಿಲ್ಲ ಎಂಬ ಹೆಸರಿತ್ತು. ಆಸ್ತಿ ಎಂದು ಅವನಿಗಿದ್ದದ್ದು ಆ ಹೆಸರೊಂದೇ.

ಹಾಲ್‌ಗೆ ಎರಡು ವರ್ಷ ತುಂಬಿದಾಗ ಅಪ್ಪಾಜಿಗೆ ಒಂದು ಯೋಚನೆ ಬಂತು. ಹಾಲ್‌ನ ಮುಂದೆ ದೊಡ್ಡ ಹುಣಸೆಮರ. ಅದರ ಕೊಂಬೆಗೆ ಬಾವಿಯ ರಾಟೆ ಕಟ್ಟಿ, ನಜೀರನನ್ನು ಹಳದಿ ಅಂಗಿಯಲ್ಲಿ, ಚನ್ನಪಟ್ಟಣದ ಅರಗು ಬಳಿದ ಮರದ ಕತ್ತಿ ಹಿಡಿಸಿ, ಜನರ ತಲೆಯ ಮೇಲೆ ಹಾರಿಸಬೇಕು. ಹಗ್ಗ ಬಾಬಾಜಾನನದು. ಅವನು ಒಂದು ತಿಂಗಳು ಕೂತು, ಒಳ್ಳೆಯ ಗೂಡು ಆರಿಸಿ, ಎಳೆ ಕೂಡಿಸಿ ಹುರಿ ಮಾಡಿ, ಕಿರುಬೆರಳಿಗಿಂತ ಸಣ್ಣ ಬಿಳಿ ಹಗ್ಗ ಹೊಸೆದ. ನಜೀರನಿಗಿಂತ ಭಾರದ ಕಲ್ಲಿನ ಮೂಟೆಯನ್ನು ಮೂರು ಸಲ ತೂಗಿಸಿ ನೋಡಿದ. ಹಗ್ಗ ಮಿಸುಕಲಿಲ್ಲ, ಗಂಟು ಕಲ್ಲಿನಂತೆ ಕೂತಿತ್ತು.

ಅಪ್ಪಾಜಿ ಬಂದು ನೋಡಿ, "ಬೆಳ್ಳಗೆ ಎದ್ದು ಕಾಣ್ತೈತಲ್ಲೋ. ಪಿಚ್ಚರ್‌ನಾಗೆ ದಾರ ಕಾಣ್ತದಾ? ಒಸಿ ಕಪ್ಪು ಬಣ್ಣ ಹಾಕ್ಸು" ಎಂದ.

ಬಣ್ಣದವನ ಹತ್ತಿರ ಕೊಟ್ಟರು. ರೇಷ್ಮೆಗೆ ಹಾಗೇ ಬಣ್ಣ ಹತ್ತುವುದಿಲ್ಲ. ಸೋಪು ಸೋಡಾ ಹಾಕಿ ಕುದಿಸಿ, ಹುಳು ಎಳೆಗೆ ಮೆತ್ತಿದ ಅಂಟನ್ನೆಲ್ಲ ತೆಗೆಯಬೇಕು. ಒರಟು ಹೋಗಿ ಮೆತ್ತಗೆ ಹೊಳೆಯುವುದು ಆಮೇಲೆಯೇ. ನೂಲು ಬಿಚ್ಚುವ ರೀಲರುಗಳಿಗೆ ಇದು ಕೇಳಿ ಗೊತ್ತು, ಕೈಯಲ್ಲಿ ಗೊತ್ತಿಲ್ಲ. ಮನೆ ದಾಟಿದ ಮೇಲೆ ನೂಲು ಏನಾಗುತ್ತದೆ ಎಂದು ಅವರು ಮುಟ್ಟಿ ನೋಡಿದವರಲ್ಲ. ಬಾಬಾಜಾನನ ಬೆರಳು ಆಯುಷ್ಯವಿಡೀ ಕಟ್ಟಿದ್ದು ಅಂಟಿರುವ ಕಚ್ಚಾ ರೇಷ್ಮೆಯ ಗಂಟು. ಆ ಅಂಟೇ ಗಂಟನ್ನು ಹಿಡಿದು ನಿಲ್ಲಿಸುವುದು ಎಂದು ಅವನು ಎಂದೂ ಯೋಚಿಸಿರಲಿಲ್ಲ.

ಹಗ್ಗ ವಾಪಸ್ ಬಂದದ್ದು ಆಟದ ದಿನ ಬೆಳಗ್ಗೆ. ಮೂಟೆ ತೂಗಿಸಲು ಹೊತ್ತಿರಲಿಲ್ಲ. ಬಾಬಾಜಾನ್ ನಜೀರನ ಸೊಂಟದ ಪಟ್ಟಿಯ ಉಂಗುರಕ್ಕೆ ಎಂದಿನ ಗಂಟನ್ನೇ ಹಾಕಿದ. ಬೇರೆಯವನ ಬೆರಳಾಗಿದ್ದರೆ ಇದು ಜಾರುತ್ತಿದೆ ಎಂದು ಹೇಳುತ್ತಿತ್ತೇನೋ. ಅವನ ಬೆರಳು ಏನೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ. ಸಾತನೂರು ಕಡೆಯಿಂದ ಗೂಡು ಮಾರಲು ಬಂದವರೂ ಸೇರಿ ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಬಾಬಾಜಾನನ ಜೊತೆ ಇನ್ನಿಬ್ಬರು ಹಗ್ಗ ಜಗ್ಗಿದರು. ನಜೀರ್ ಮೇಲೇರಿದ. ಹಳದಿ ಅಂಗಿ ಬಿಸಿಲಿಗೆ ಉರಿಯಿತು, ಹಗ್ಗ ಯಾರಿಗೂ ಕಾಣಲಿಲ್ಲ. ಜನ ಒಂದೇ ಉಸಿರಿಗೆ ಹೋ ಎಂದರು. ಬಾಬಾಜಾನನ ಕಣ್ಣು ತುಂಬಿ ಬಂತು. ಅವನ ಬದುಕಿನಲ್ಲಿ ಅಂಥ ಗಳಿಗೆ ಇನ್ನೊಂದಿರಲಿಲ್ಲ.

ಆಮೇಲೆ ಕೈಯಲ್ಲಿದ್ದ ಹಗ್ಗ ಹಗುರಾಯಿತು.

ನಜೀರ್ ಬಿದ್ದದ್ದು ಹಾಲ್‌ನ ಕಲ್ಲುಚಪ್ಪಡಿಯ ಮೆಟ್ಟಿಲಿನ ಮೇಲೆ. ಬೆನ್ನುಮೂಳೆ ಮುರಿದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಜನ ಸುತ್ತ ಮುಗಿಬಿದ್ದರು. ಅಪ್ಪಾಜಿ ತನ್ನ ಹಾಲ್ ಉಳಿಸಿಕೊಳ್ಳಲು ಎಲ್ಲರಿಗೂ ಕೇಳುವಂತೆ, "ಮ್ಯಾಕ್ ಹೋದೇಟ್ಗೆ ಹೆದರ್ಕೊಂಬುಟ್ಟ. ಒದ್ದಾಡಿ ಗಂಟು ಬಿಚ್ಕೊಂಬುಟ್ಟ. ಅಲ್ವೇನೋ ಬಾಬು?" ಎಂದ. ಎಲ್ಲರೂ ಬಾಬಾಜಾನನ ಕಡೆ ತಿರುಗಿದರು. ಅವನು ತಲೆಯಾಡಿಸಿದ.

ಹಗ್ಗ ಆಗಲೇ ಅವನ ಅಂಗಿಯೊಳಗಿತ್ತು. ಅದು ತುಂಡಾಗಿರಲಿಲ್ಲ; ಬೇಯಿಸಿದ ರೇಷ್ಮೆಯಲ್ಲಿ ತನ್ನ ಗಂಟೇ ಜಾರಿದೆ ಎಂದು ಹೊಳೆಯುವ ತುದಿ ನೋಡಿದಾಗಲೇ ಅವನಿಗೆ ತಿಳಿದಿತ್ತು. ಮನೆಗೆ ಬಂದವನೇ ಬೇಸಿನ್ನಿನ ಒಲೆಗೆ ಹಾಕಿ ಸುಟ್ಟ. ಕೂದಲು ಸುಟ್ಟ ವಾಸನೆ ಎರಡು ದಿನ ಮನೆ ಬಿಡಲಿಲ್ಲ.

ಆ ಒಂದು ತಲೆಯಾಟಕ್ಕೆ ಊರು ನಜೀರನಿಗೆ ಪುಕ್ಕಲ ಎಂದು ಹೆಸರಿಟ್ಟಿತು. ನೋಡಲು ಬಂದವರು ಕಿತ್ತಳೆ ಹಣ್ಣು ಇಟ್ಟು, "ಒಸಿ ಧೈರ್ಯವಾಗಿದ್ದಿದ್ರೆ ಆಗ್ತಿತ್ತಪ್ಪ" ಎಂದು ಬುದ್ಧಿ ಹೇಳಿ ಹೋದರು. ಬಂಡೆಯಿಂದ ಬಂಡೆಗೆ ನೆಗೆದವನು ಮಂಚದ ಮೇಲೆ ಮಲಗಿ ಕೇಳಿಸಿಕೊಂಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಬಾಬಾಜಾನನ ಹತ್ತಿರ ಆನೆ ಇರಲಿಲ್ಲ, ಒಂದು ನಿಜವಿತ್ತು. ಅದನ್ನು ಅವನು ಒಂಬತ್ತು ವರ್ಷ ಕೊಡಲಿಲ್ಲ. ಅದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ, ಅವನಲ್ಲೂ ಇರಲಿಲ್ಲ.

ಬದಲಿಗೆ ಸೇವೆ ಮಾಡಿದ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಹೇಲು ಉಚ್ಚೆ ಬಾಚುವುದು ಎಲ್ಲ ತಾನೇ. ಜೈನಬಳಿಗೆ ಒಂದೇ ಕೆಲಸ ಬಿಟ್ಟಿದ್ದ, ನೀರಿನ ಬಿಸಿ ನೋಡುವುದು. ಸುಡುವುದು ಅಣ್ಣನ ಕೈಗೂ ತಿಳಿಯದು, ತಮ್ಮನ ಸೊಂಟದ ಕೆಳಗೂ ತಿಳಿಯದು. ಅವಳು ಬೆರಳದ್ದಿ ಹೂಂ ಎಂದ ಮೇಲೆಯೇ ಸ್ನಾನ.

ಕೇಬಲ್ ಬಂದ ಮೇಲೆ ಮಂಚದ ಎದುರಿಗೆ ಒಂದು ಟೀವಿ ಇಟ್ಟ. ನಜೀರ್ ಅದರಲ್ಲೂ ಅವೇ ಚಿತ್ರ ಹುಡುಕಿ ನೋಡಿದ. ಒಂಬತ್ತನೆಯ ವರ್ಷ ಬೆನ್ನಿನ ಹುಣ್ಣು ಕೀವಾಗಿ ನಂಜು ಮೈಗೆಲ್ಲ ಏರಿತು. ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಎಂದರು. ಆ ಶುಕ್ರವಾರ ನಮಾಜು ಮುಗಿಸಿ ಬಂದ ಬಾಬಾಜಾನ್ ಮಂಚದ ಅಂಚಿಗೆ ಕೂತ. ಟೀವಿಯಲ್ಲಿ ಯಾರೋ ಕೆರೆಯ ಮೇಲೆ ಓಡುತ್ತಿದ್ದರು.

"ಆವತ್ತು ನೀನು ಹೆದರ್ಲಿಲ್ಲ ಕಣೋ" ಎಂದ. "ಬೇಯ್ಸಿದ ರೇಷ್ಮೆ. ನನ್ ಗಂಟು ಜಾರ್ತು. ನಾನು ಹೇಳ್ಲಿಲ್ಲ."

ನಜೀರ್ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಿತ್ತು ಭಾಯಿ. ಮ್ಯಾಲಿದ್ದಾಗ್ಲೇ ಗಂಟು ಬಿಡ್ತಿರಾದು ಸೊಂಟಕ್ಕೆ ಗೊತ್ತಾಗ್ತಿತ್ತು. ಇಳ್ಸು ಅಂತ ಕೂಗ್ಬೋದಿತ್ತು. ಅಷ್ಟು ಜನ ನೋಡ್ತಾವ್ರೆ, ಹೆಂಗ್ ಕೂಗ್ಲಿ? ಈ ಪಿಚ್ಚರ್‌ನವ್ರು ಯಾರಾದ್ರೂ ಇಳ್ಸು ಅಂತ ಕೂಗ್ತಾರಾ?"

ಬಾಬಾಜಾನ್ ಅಳತೊಡಗಿದ. ಗಂಟಿನ ಮಾತಿಗೆ ಕ್ಷಮೆ ಸಿಕ್ಕಿತು ಎಂದುಕೊಂಡ.

"ಗಂಟು ಹೋಗ್ಲಿ ಬುಡು" ಎಂದ ನಜೀರ್. "ಬಿದ್ದಾಗ ನನ್ ಕಣ್ಣು ಬಿಟ್ಕೊಂಡೇ ಇತ್ತು. ನೀನು ಓಡಿ ಬಂದೆ. ಮೊದ್ಲು ಹಗ್ಗದ ಹತ್ರ ಹೋದೆ. ಸುತ್ಕೊಂಡು ಅಂಗಿ ಒಳಕ್ಕೆ ಇಟ್ಕೊಂಡ್ ಮ್ಯಾಲೆ ನನ್ ಹತ್ರ ಬಂದೆ."

ಅಷ್ಟು ಹೇಳಿ ಚಿತ್ರ ಮುಗಿಯುವವರೆಗೆ ನೋಡಿದ. ಇನ್ನೊಮ್ಮೆ ಆ ವಿಷಯ ಎತ್ತಲಿಲ್ಲ. ಹನ್ನೊಂದನೆಯ ದಿನ ತೀರಿಕೊಂಡ.

ಖಬರಸ್ತಾನದಲ್ಲಿ ತಮ್ಮನ ಮಯ್ಯತ್ ಗುಂಡಿಗೆ ಇಳಿಸಲು ಯಾರೋ ಎರಡು ಬಟ್ಟೆಯ ಪಟ್ಟಿ ತಂದಿದ್ದರು. ಬಾಬಾಜಾನ್ ಬೇಡವೆಂದ. ಅಪ್ಪಾಜಿಯೂ ಬಂದಿದ್ದ, ಊರಿನ ಹಿರಿಯರೂ ಇದ್ದರು. ಅವರೆಲ್ಲರ ಮುಂದೆ, "ಇವ್ನು ಹೆದರ್ಲಿಲ್ಲ, ಗಂಟು ನಂದು, ಸುಳ್ಳೂ ನಂದು" ಎಂದ. ಆಮೇಲೆ ಎಲ್ಲರಿಗಿಂತ ಮೊದಲು ತಾನೇ ಗುಂಡಿಗೆ ಇಳಿದು, ಎರಡೂ ಕೈ ಮೇಲೆತ್ತಿ ತಮ್ಮನನ್ನು ಹಿಡಿದುಕೊಂಡ.