ಚರಖ್ ಯಾರದು?

ಗೆಳೆಯರೇ, ಇವತ್ತು ಸಂಕ್ರಾಂತಿ. ನಿಜಾಮರ ಈ ಹಳೇ ರಾಜಧಾನಿಯ ಅರ್ಧ ಜನ ಹಬ್ಬಕ್ಕೆ ತಮ್ಮ ಊರುಗಳಿಗೆ ಹೋಗಿದ್ದಾರೆ. ಉಳಿದವರು ಮಾಳಿಗೆ ಹತ್ತಿ ಜಗಳವಾಡುತ್ತಿದ್ದಾರೆ.

ನಾರಾಯಣಗೂಡದ ನಮ್ಮ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿದ್ದವರು ನಮ್ಮ ಮಾವನವರು. ದಾರ ಸುತ್ತಿದ ಚರಖ್ ಹಿಡಿದು ನಿಂತಿದ್ದವರು ಪಕ್ಕದ ಮನೆಯ ಖಾದರ್ ಸಾಹೇಬರು. ನಿವೃತ್ತ ಫಾರಸಿ ಮೇಷ್ಟ್ರು, ನಮ್ಮ ಹಾಗೇ ಕಲಬುರಗಿ ಕಡೆಯವರು. ಪ್ರತಿ ವರ್ಷವೂ ಇದೇ ಜೋಡಿ.

"ಚರಖ್ ಅಂದ್ರ ನಮ್ಮ ಚಕ್ರನೇ ಅಲ್ಲೇನ್ರಿ ಸಾಹೇಬ್ರ? ನಿಮ್ಮವರು ಒಯ್ದು ಕೆಡಿಸ್ಯಾರ," ಎಂದರು ಮಾವ.

"ಅದು ಖಾಲಿಸ್, ಅಪ್ಪಟ ಫಾರಸಿ ಅದ ರಾಯರ. ತಿರುಗೋದೆಲ್ಲಾ ಚರ್ಖ್. ಮ್ಯಾಲಿನ ಆಸ್ಮಾನಕ್ಕೂ ಹಂಗೇ ಅಂತಾರ. ನಿಮ್ಮದನ್ನ ನಾವ್ಯಾಕ ಒಯ್ಯೋಣರಿ?" ಎಂದ ಸಾಹೇಬರು ಚರಖನ್ನು ನೆಲಕ್ಕಿಟ್ಟು ಮೆಟ್ಟಿಲ ಕಡೆ ನಡೆದೇಬಿಟ್ಟರು.

ಮೇಲೆ ಪಟ ಜಗ್ಗಿತು, ಕೆಳಗೆ ಚರಖ್ ಮಾಳಿಗೆಯ ತುಂಬ ಉರುಳತೊಡಗಿತು. ನಾನು ಅದರ ಹಿಂದೆ ಓಡುತ್ತಲೇ ಹೇಳಿದೆ: "ಯಾರೂ ಯಾರದನ್ನೂ ಒಯ್ದಿಲ್ಲ ಮಾವಾರ. ಸಂಸ್ಕೃತದ ಚಕ್ರ, ಫಾರಸಿಯ ಚರ್ಖ್ ಎರಡೂ ಒಂದೇ ಹಳೇ ಮಾತಿನ ಮಕ್ಕಳು. ಒಡಹುಟ್ಟಿದವು."

ಸಾಹೇಬರು ತಿರುಗಿ ಬಂದರು. ಬಾಗಿ ಚರಖ್ ಎತ್ತಿಕೊಂಡು ದಾರ ಬಿಟ್ಟರು. ಪಟ ಮತ್ತೆ ಏರಿತು.

ಪಟದಿಂದ ಕಣ್ಣು ತೆಗೆಯದೆ ಮಾವ ಕೇಳಿದರು: "ಹಂಗಾರ ಎರಡರಾಗ ಅಣ್ಣ ಯಾರು?"

"ನಾನೂ ಅದನ್ನ ಕೇಳಾವನಿದ್ದೆ," ಎಂದರು ಸಾಹೇಬರು.

ಈ ವ್ಯಾಜ್ಯ ಮುಂದಿನ ಸಂಕ್ರಾಂತಿಗೂ ತೀರುವಂತಿಲ್ಲ. ನನಗೇನೂ ಬೇಸರವಿಲ್ಲ, ಕತ್ತಲಾಗುವ ತನಕ ವಾದ ನಡೆದರೂ ಚರಖ್ ಮತ್ತೆ ನೆಲ ಮುಟ್ಟಲಿಲ್ಲ.