ಸೊನ್ನೆ ಮೊಳ ಮಲ್ಲಿಗೆ

ಧರ್ಮಪುರಿಯ ಕಾಲೇಜೊಂದರಲ್ಲಿ ನಾನು ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದ ಕಾಲ. ಪಾಠಕ್ಕೆ ಉದಾಹರಣೆಯಾಗಲಿ ಅಂತ ಬಸ್ ಸ್ಟ್ಯಾಂಡಿನಲ್ಲಿ ಒಂದು ಮೊಳ ಮಲ್ಲಿಗೆ ಕೇಳಿದೆ. ಹೂವಾಡಗಿತ್ತಿ ಮೊಳಕೈಯಿಂದ ಬೆರಳ ತುದಿಗೆ ಅಳೆದು, ಮೇಲೊಂದು ಗೇಣು ಕೊಸರೂ ಬಿಟ್ಟಳು. ನನ್ನ ಬಾಯಿ ಸುಮ್ಮನಿರಬೇಕಲ್ಲ?

"ಹೂವು ಎಣಿಸೋದು, ಅದು ಡಿಸ್ಕ್ರೀಟು. ಮೊಳ ಅಳೆಯೋದು, ಅದು ಕಂಟಿನ್ಯುಯಸ್ಸು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಒಂದೇ ಮೊಳ ಬರೋ ಸಂಭವ ಸೊನ್ನೆ ಅಮ್ಮ" ಅಂದೆ.

"ಅಕ್ಕಾ, ಕೇಳಿದ್ರಾ? ಈ ವಾತ್ಯಾರು ನನ್ ಮೊಳ ಸೊನ್ನೆ ಅಂತಾವ್ರೆ!" ಅಂತ ಅವಳು ಪಕ್ಕದ ಬುಟ್ಟಿಯವಳಿಗೆ ಕೂಗಿ ಹೇಳಿದಳು; ವಾತ್ಯಾರು ಅಂದರೆ ಆ ಕಡೆ ಮೇಷ್ಟ್ರು.

"ನಿಂದೊಂದೇ ಅಲ್ಲಮ್ಮ, ಯಾರ ಮೊಳವಾದ್ರೂ ಸೊನ್ನೆನೇ" ಅಂತ ಸಮಾಧಾನ ಹೇಳಿದೆ.

ಸಾಲಿನ ಹೂವಾಡಗಿತ್ತಿಯರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಇವಳು ಕೊಸರನ್ನು ಕಚಕ್ಕನೆ ಕತ್ತರಿಸಿ ಬುಟ್ಟಿಗೆ ಹಾಕಿಕೊಂಡಳು.

ಕ್ಲಾಸಿನಲ್ಲಿ ಪಾಠವೇನೋ ಚೆನ್ನಾಗಿಯೇ ಆಯಿತು. ಆದರೆ ಆ ಸಾಲಿನಲ್ಲಿ ನನಗೆ ಮತ್ತೆ ಕೊಸರು ಸಿಗುವ ಸಂಭವವಿದೆಯಲ್ಲ, ಅದು ನಿಜವಾದ ಸೊನ್ನೆ.