ಇಲಿಗಳ ವರ್ಷದ ಒಂದು ಹಿಡಿ

ನಮ್ಮ ಚರ್ಚಿನ ‘ಉಪಾ’, ಅಂದರೆ ಸಭೆಯ ಹಿರಿಯರಾದ ಹ್ರಾಂಗ್‌ಕಿಮಾ ನನ್ನ ಅಜ್ಜ. ಬಿದಿರು ಹೂಬಿಟ್ಟ ವರ್ಷ, ಅದರ ಬೀಜ ತಿಂದು ಹೆಚ್ಚಿದ ಇಲಿಗಳು ಗುಡ್ಡದ ಭತ್ತವನ್ನೆಲ್ಲ ತಿಂದವು. ಅಡುಗೆಗೆ ಮೊದಲು ಚರ್ಚಿಗೆಂದು ಒಂದು ಹಿಡಿ ಅಕ್ಕಿ ತೆಗೆದಿಡುವುದು ನಮ್ಮ ಮನೆಗಳ ಪದ್ಧತಿ. ಹಸಿದವರಿಂದ ಅದನ್ನು ಪಡೆಯಲು ಅಜ್ಜನಿಗೆ ಮನಸ್ಸಾಗಲಿಲ್ಲ. ಭಾನುವಾರ ಸಭೆಯಲ್ಲಿ, “ಮುಂದಿನ ಸುಗ್ಗಿವರೆಗೆ ಹಿಡಿ ಅಕ್ಕಿ ಬೇಡ,” ಎಂದರು.

ವಿಧವೆ ಜೈಥಾಂಗಿ ಥಟ್ಟನೆ ಎದ್ದರು. “ಅಲ್ಲ ಉಪಾ, ಇಲಿ ನಮ್ಮ ಬೆಳೆ ತಿಂತು. ಕೊಡೋ ಕೈನ ನೀವು ತಿಂತೀರಾ?”

ಎಲ್ಲರೂ ನಕ್ಕರು. ಆಕೆ ಬಟ್ಟೆಯ ಗಂಟು ಬಿಚ್ಚಿದರು. ಅದರಲ್ಲಿ ಅಕ್ಕಿ ಇರಲಿಲ್ಲ, ಕಾಡುಗೆಣಸಿನ ಚೂರುಗಳಿದ್ದವು. ಒಂದು ಹಿಡಿ ಅಳೆದು ಚರ್ಚಿನ ಕಾಣಿಕೆ ಬುಟ್ಟಿಗೆ ಹಾಕಿದರು. ನಗು ನಿಂತಿತು. ಅಜ್ಜ ತಾವೇ ಬಂದು ಆ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಆ ಬುಟ್ಟಿಯ ಮಾತು ಬಂದರೆ ಅಜ್ಜ ಈಗಲೂ ಟೊಪ್ಪಿ ತೆಗೆಯುತ್ತಾರೆ.